ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಹೊಟ್ಟೆಗೆ ಹಾಕುವ ಆ ಸಣ್ಣ ಸೂಜಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು, ರಕ್ತ ಹೆಪ್ಪುಗಟ್ಟುವುದು. ಹಾಗಾಗಿ ಶುಗರ್, ಥೈರಾಯ್ಡ್ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಾಳ್ಮೆಯಿಂದಿರಿ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಅದನ್ನು ಚಿಕ್ಕದು ಮಾಡಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಎರಡು ತಿಂಗಳ ಹಿಂದೆ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಆಪರೇಷನ್ ಆಗಿದ್ದು ಕಾಲಿಗೆ, ಆದರೆ ದಿನಾ ಹೊಟ್ಟೆಗೆ ಇಂಜೆಕ್ಷನ್ ಹಾಕುತ್ತಿದ್ದರು. ಮನೆಗೆ ಬಂದ ಮೇಲೂ ಹತ್ತು ದಿನ ಹಾಕಿಸಿ ಅಂದರು. ಒಂದೊಂದಕ್ಕೂ ಒಳ್ಳೇ ದುಡ್ಡು, ಜೊತೆಗೆ ಹೊಟ್ಟೆ ತುಂಬಾ ನೀಲಿ ಕಲೆ. ನಮ್ಮ ಮಾವ ‘ಇದೆಲ್ಲ ಬಿಲ್ ಬೆಳೆಸೋಕೆ’ ಅಂತ ನಾಲ್ಕನೇ ದಿನಕ್ಕೆ ನಿಲ್ಲಿಸಿಬಿಟ್ಟರು. ಏನೂ ಆಗಲಿಲ್ಲ, ಅತ್ತೆ ಈಗ ಚೆನ್ನಾಗಿ ಓಡಾಡುತ್ತಿದ್ದಾರೆ. ನಿಜವಾಗಿ ಅದು ಬೇಕಿತ್ತಾ ಡಾಕ್ಟ್ರೇ?
ಒಬ್ಬ ಸೊಸೆ, ದಾವಣಗೆರೆ

ಉತ್ತರ: ಅತ್ತೆಯವರು ಓಡಾಡುತ್ತಿದ್ದಾರೆ ಅಂತ ಓದಿ ಸಮಾಧಾನವಾಯಿತು. ಹೌದು ತಾಯಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಇಂಜೆಕ್ಷನ್ ಬೇಕಿತ್ತು. ಹತ್ತೂ ದಿನ ಬೇಕಿತ್ತು. ಮಾವನವರ ಮೇಲೆ ನನಗೆ ಬೇಸರವಿಲ್ಲ, ಅವರಿಗೆ ಯಾರೂ ಕೂತು ವಿವರಿಸಿಲ್ಲ ಅಷ್ಟೇ. ಆ ತಪ್ಪು ಡಾಕ್ಟರುಗಳಾದ ನಮ್ಮದು.

ನಾನು ಹೌಸ್ ಸರ್ಜನ್ ಆಗಿದ್ದಾಗಿನ ಒಂದು ಬೆಳಗ್ಗೆ ಇವತ್ತಿಗೂ ಕಣ್ಣ ಮುಂದಿದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ. ಎಂಟನೇ ದಿನ. ಹೊಲಿಗೆ ಒಣಗಿತ್ತು, ಜ್ವರ ಇರಲಿಲ್ಲ, ಮಧ್ಯಾಹ್ನ ಮನೆಗೆ ಕಳಿಸುವುದು ಅಂತ ಮಾತಾಗಿ ಮಗ ಆಟೋ ನೋಡಲು ಹೊರಗೆ ಹೋಗಿದ್ದ. ಬಾತ್‌ರೂಮಿಗೆ ಹೋಗಲು ಎದ್ದು ನಿಂತವರು ‘ಯಾಕೋ ಉಸಿರು ಕಟ್ತಾ ಇದೆ ಮಗಾ’ ಅಂದರು, ಅಲ್ಲೇ ಕುಸಿದರು. ಅರ್ಧ ಗಂಟೆ ಎದೆ ಒತ್ತಿದೆವು. ಉಳಿಯಲಿಲ್ಲ. ಕೇಸ್ ಶೀಟಿನಲ್ಲಿ ಹೃದಯಾಘಾತ ಅಂತ ಬರೆದರು. ಕಾಲಿನಿಂದ ಹೊರಟ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬೇಕು ಅಂತ ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ.

ನಾವು ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಆಪರೇಷನ್ ಟೇಬಲ್ ಮೇಲೆ, ಆಮೇಲೆ ಮಂಚದ ಮೇಲೆ, ಆ ಹಿಂಡುವ ಕೆಲಸ ನಿಂತುಹೋಗುತ್ತದೆ. ರಕ್ತ ನಿಧಾನವಾಗುತ್ತದೆ. ಗಾಯ ಆಗಿದೆ ಅಂತ ಮೈ ತಾನಾಗಿಯೇ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಂಡಿರುತ್ತದೆ. ಮಂಡಿ, ಸೊಂಟದ ಆಪರೇಷನ್ ಆದರೆ ಅಲ್ಲಿನ ರಕ್ತನಾಳಗಳಿಗೂ ಪೆಟ್ಟು ಬಿದ್ದಿರುತ್ತದೆ. ಮೂರೂ ಸೇರಿದವು ಅಂದರೆ ಮೀನಖಂಡದ ಒಳಗಿನ ನಾಳಗಳಲ್ಲಿ ಸದ್ದಿಲ್ಲದೆ ಗರಣೆ ಕಟ್ಟುತ್ತದೆ. ಸದ್ದಿಲ್ಲದೆ ಅನ್ನುವುದೇ ಇಲ್ಲಿ ಮುಖ್ಯ. ತುಂಬಾ ಜನರಿಗೆ ನೋವೂ ಇರಲ್ಲ, ಊತವೂ ಇರಲ್ಲ.

ಈ ಸದ್ದಿಲ್ಲದ್ದನ್ನು ಕೇಳಿಸಿಕೊಂಡವರಲ್ಲಿ ಒಬ್ಬರು ವಿಜಯ್ ಕಕ್ಕರ್. ಭಾರತ ಮೂಲದ ಸರ್ಜನ್, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದವರು. ರಕ್ತ ಗಟ್ಟಿಯಾಗಲು ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಬೇಕು. ಅದಕ್ಕೆ ಸ್ವಲ್ಪ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ರೋಗಿಗೆ ಕೊಡುತ್ತಿದ್ದರು. ಆಮೇಲೆ ಕಾಲಿನುದ್ದಕ್ಕೂ ಎಣಿಸುವ ಯಂತ್ರ ಹಿಡಿದು ನೋಡುವುದು. ಎಲ್ಲಿ ಹೆಪ್ಪು ಕಟ್ಟುತ್ತಿದೆಯೋ ಅಲ್ಲಿ ಆ ಪ್ರೋಟೀನ್ ಜಾಸ್ತಿ ಸೇರುತ್ತದೆ, ಯಂತ್ರದ ಲೆಕ್ಕವೂ ಅಲ್ಲಿ ಏರುತ್ತದೆ. 1969ರಲ್ಲಿ ಕಕ್ಕರ್ ಮತ್ತು ಜೊತೆಯವರು ಹೀಗೆ 132 ಜನರನ್ನು ಆಪರೇಷನ್ ಆದ ಮೇಲೆ ಗಮನಿಸಿದ ಲೆಕ್ಕ ಕೊಟ್ಟರು. 40 ಜನರ ಕಾಲಲ್ಲಿ ಹೆಪ್ಪು! ನೂರಕ್ಕೆ ಮೂವತ್ತು. ಅವರಲ್ಲಿ 14 ಜನರಿಗೆ ಮೂರು ದಿನದೊಳಗೆ ತಾನಾಗಿಯೇ ಕರಗಿಹೋಯಿತು. 9 ಜನರಲ್ಲಿ ಅದು ಬೆಳೆಯುತ್ತಾ ಮಂಡಿ, ತೊಡೆ ಕಡೆಗೆ ಏರಿತು, ಆ ಒಂಬತ್ತರಲ್ಲಿ 4 ಜನರಿಗೆ ಶ್ವಾಸಕೋಶಕ್ಕೆ ಹೋಗಿ ಕೂತಿತು. ಅಲ್ಲಿಯವರೆಗೆ ಹೆಚ್ಚಿನ ಡಾಕ್ಟರುಗಳು ಕಾಲು ಊದಿದರೆ ಮಾತ್ರ ಹೆಪ್ಪು ಅಂದುಕೊಳ್ಳುತ್ತಿದ್ದರು. ಆ ಅಜ್ಜಿಯ ಕಾಲೂ ಊದಿರಲಿಲ್ಲ.

ಹೆಪ್ಪು ತಡೆಯುವ ಹೆಪಾರಿನ್ ಆಗಲೇ ಇತ್ತು. ಆದರೆ ಅದನ್ನು ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೇ ಕೊಡುತ್ತಿದ್ದರು. ಆಪರೇಷನ್ ಸಮಯದಲ್ಲಿ ಹಾಗೆ ಕೊಟ್ಟರೆ ಗಾಯದಿಂದ ರಕ್ತ ನಿಲ್ಲುವುದಿಲ್ಲ ಅಂತ ಸರ್ಜನ್‌ಗಳಿಗೆ ಭಯ, ಭಯಕ್ಕೆ ಕಾರಣವೂ ಇತ್ತು. ಇಲ್ಲೊಂದು ಯೋಚನೆ ಬಂತು. ನೀವು ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಬೆಳಗಾಗುವುದರೊಳಗೆ ಮೊಸರು ಮಾಡುತ್ತದೆ. ಆ ಚಮಚ ಹಾಲಿಗೆ ಬೀಳದಂತೆ ತಡೆಯಲು ಏನು ಕಷ್ಟ? ಮೊಸರಾದ ಮೇಲೆ ಅದನ್ನು ಮತ್ತೆ ಹಾಲು ಮಾಡಲು ಯಾರಿಂದಲೂ ಆಗಲ್ಲ. ರಕ್ತವೂ ಹಾಗೇ. ಹೆಪ್ಪುಗಟ್ಟುವ ಕೆಲಸ ಹಂತ ಹಂತವಾಗಿ ದೊಡ್ಡದಾಗುತ್ತಾ ಹೋಗುತ್ತದೆ, ಶುರುವಿನ ಹಂತದಲ್ಲೇ ಹಿಡಿದರೆ ಬಹಳ ಕಡಿಮೆ ಔಷಧ ಸಾಕು. ಅದೂ ರಕ್ತನಾಳಕ್ಕಲ್ಲ, ಚರ್ಮದ ಕೆಳಗೆ.

ಈ ಯೋಚನೆ ಕಕ್ಕರ್ ಒಬ್ಬರದೇ ಅಲ್ಲ, ಅಮೆರಿಕದಲ್ಲೂ ಮೊದಲೇ ಪ್ರಯತ್ನ ನಡೆದಿತ್ತು. ಆದರೆ ಇದರಿಂದ ನಿಜವಾಗಿ ಜೀವ ಉಳಿಯುತ್ತಾ ಅಂತ ದೊಡ್ಡದಾಗಿ ಎಣಿಸಿ ನೋಡಲು ಅವರು ಮುಂದೆ ನಿಂತರು. ಬೇರೆ ಬೇರೆ ದೇಶಗಳ 28 ಕೇಂದ್ರಗಳು, ನಲವತ್ತು ದಾಟಿದ 4,121 ರೋಗಿಗಳು, ಎಲ್ಲರಿಗೂ ದೊಡ್ಡ ಆಪರೇಷನ್. ಸುಮಾರು ಅರ್ಧ ಜನರಿಗೆ ಆಪರೇಷನ್ನಿಗೆ ಎರಡು ಗಂಟೆ ಮೊದಲು 5,000 ಯೂನಿಟ್ ಹೆಪಾರಿನ್, ಆಮೇಲೆ ಎಂಟು ಗಂಟೆಗೊಮ್ಮೆ ಒಂದು ವಾರ. ಇನ್ನರ್ಧಕ್ಕೆ ಇಲ್ಲ. ತೀರಿಕೊಂಡವರಲ್ಲಿ ಬಹುಪಾಲು ಜನರ ಪೋಸ್ಟ್‌ಮಾರ್ಟಂ ಮಾಡಿ ಕಾರಣ ಹುಡುಕಿದರು, ಸುಮ್ನೆ ಹೃದಯಾಘಾತ ಅಂತ ಬರೆದು ಮುಗಿಸಲಿಲ್ಲ. 1975ರಲ್ಲಿ ಫಲಿತಾಂಶ ಬಂತು. ಹೆಪಾರಿನ್ ಇಲ್ಲದ 2,076 ಜನರಲ್ಲಿ 16 ಜನ ಶ್ವಾಸಕೋಶದ ಹೆಪ್ಪಿನಿಂದ ಸತ್ತಿದ್ದರು. ಕೊಟ್ಟ 2,045 ಜನರಲ್ಲಿ 2.

ಅಂದರೆ ಸಾವಿರ ಜನರಲ್ಲಿ ಸುಮಾರು ಏಳು ಜೀವ. ಗಾಯದ ಜಾಗದಲ್ಲಿ ರಕ್ತ ಕಟ್ಟಿಕೊಳ್ಳುವುದು ಹೆಪಾರಿನ್ ಗುಂಪಿನಲ್ಲಿ ಸ್ವಲ್ಪ ಜಾಸ್ತಿ ಇತ್ತು, ಅದನ್ನೂ ಅವರು ಮುಚ್ಚಿಡದೆ ಬರೆದರು. ನಿಮ್ಮ ಮಾವನವರ ಮಾತಿಗೆ ನನ್ನ ಉತ್ತರ ಈ ಏಳರಲ್ಲೇ ಇದೆ. ಆ ಏಳು ಜನ ಯಾರು ಅಂತ ಯಾರಿಗೂ ಗೊತ್ತಿಲ್ಲ. ಹಾಗೆ ಬದುಕಿಕೊಂಡವರಿಗೇ ಗೊತ್ತಿಲ್ಲ, ಅವರು ಹೊಟ್ಟೆ ಮೇಲಿನ ನೀಲಿ ಕಲೆ ತೋರಿಸಿ ಬೈದುಕೊಂಡು ಮನೆಗೆ ಹೋಗಿರುತ್ತಾರೆ. ಇಂಜೆಕ್ಷನ್ ನಿಲ್ಲಿಸಿದವರಲ್ಲೂ ಹೆಚ್ಚಿನವರಿಗೆ ಏನೂ ಆಗಲ್ಲ. ಅದಕ್ಕೇ ಇದು ಬೇಕಿಲ್ಲದ ಖರ್ಚಿನ ಹಾಗೆ ಕಾಣುತ್ತದೆ.

ನಾನು ಓದುವಾಗ ‘ಇದು ಬಿಳಿಯರ ಕಾಯಿಲೆ, ನಮ್ಮವರಿಗೆ ಅಪರೂಪ’ ಅಂತ ಹೇಳುತ್ತಿದ್ದರು. ಹುಡುಕದೇ ಇದ್ದರೆ ಎಲ್ಲವೂ ಅಪರೂಪವೇ ಅಲ್ವಾ? 32 ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಎಂಡಾರ್ಸ್ ಅನ್ನುವ ಸಮೀಕ್ಷೆ 2008ರಲ್ಲಿ ಹೊರಬಂತು. ಅದರ ಭಾರತದ ಲೆಕ್ಕದಲ್ಲಿ, ವಾರ್ಡಿನಲ್ಲಿದ್ದ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಹೆಪ್ಪಿನ ಅಪಾಯ ಇತ್ತು. ಅಂಥವರಲ್ಲಿ ತಕ್ಕ ಮುಂಜಾಗ್ರತೆ ಸಿಕ್ಕಿದ್ದು ನೂರಕ್ಕೆ ಸುಮಾರು 17 ಜನರಿಗೆ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ರಕ್ತದ ಹೆಪ್ಪಿನ ಸಂಶೋಧನೆಗೆ ಅಂತ ಕಕ್ಕರ್ ಲಂಡನ್ನಿನಲ್ಲಿ ಕಟ್ಟಿದ ಥ್ರಾಂಬೋಸಿಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಶಾಖೆ ನಮ್ಮ ಬೆಂಗಳೂರಿನಲ್ಲೇ ಇದೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಆವರಣದಲ್ಲಿ. ಹೊಸೂರು ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟು ಜನರಿಗೆ ಇದು ಗೊತ್ತು?

ನಿಮ್ಮ ಅತ್ತೆಗೆ ಹಾಕಿದ್ದು ಬಹುಶಃ ಎನಾಕ್ಸಪಾರಿನ್ ಇರಬೇಕು. ಹೆಪಾರಿನ್ನಿನದೇ ತುಂಡು, ಜಾಸ್ತಿ ಹೊತ್ತು ಕೆಲಸ ಮಾಡುತ್ತದೆ, ಹಾಗಾಗಿ ದಿನಕ್ಕೊಂದು ಸಾಕು. ಇನ್ನೊಂದು ಮಂಡಿಗೂ ಆಪರೇಷನ್ ಆಗುವುದಿದ್ದರೆ ಇಷ್ಟು ನೆನಪಿಡಿ. ಹೊಕ್ಕುಳಿಂದ ಎರಡು ಇಂಚು ದೂರ, ಚರ್ಮವನ್ನು ಮಡಿಕೆಯಾಗಿ ಹಿಡಿದು ಚುಚ್ಚಬೇಕು, ದಿನಾ ಜಾಗ ಬದಲಾಯಿಸಬೇಕು, ಚುಚ್ಚಿದ ಮೇಲೆ ಉಜ್ಜಬಾರದು. ಉಜ್ಜಿದರೆ ಕಲೆ ಜಾಸ್ತಿ. ಸಿರಿಂಜಿನಲ್ಲಿ ಮೊದಲೇ ಇರುವ ಗಾಳಿಗುಳ್ಳೆ ತೆಗೆಯುವುದು ಬೇಡ, ತೆಗೆಯಲು ಹೋಗಿ ಔಷಧ ಚೆಲ್ಲುತ್ತೀರಿ. ಮತ್ತೆ ಡಾಕ್ಟರು ಹೇಳಿದ ದಿನದಿಂದಲೇ ಎಬ್ಬಿಸಿ ನಡೆಸಿ. ‘ಪಾಪ, ಮಲಗಲಿ’ ಅನ್ನಬೇಡಿ.

ಪ್ರಶ್ನೆ: ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಹಾಕುವ ಇಂಜೆಕ್ಷನ್ ಹಂದಿಯಿಂದ ಮಾಡುತ್ತಾರೆ ಅಂತ ಕೇಳಿದೆ. ನಾವು ಶುದ್ಧ ಸಸ್ಯಾಹಾರಿಗಳು. ನಿಜವೇ?
ಉಡುಪಿಯಿಂದ ಒಬ್ಬರು

ಉತ್ತರ: ನಿಜ. ಈಗ ಬರುವ ಹೆಪಾರಿನ್, ಎನಾಕ್ಸಪಾರಿನ್ ಎರಡನ್ನೂ ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಾ ಹೋಗಿ, ಹೆಪ್ಪು ತಡೆಯುವ ವಸ್ತುವನ್ನು ಕಂಡ. ನಾಯಿಯ ಲಿವರಿನಲ್ಲಿ. ಗ್ರೀಕ್ ಭಾಷೆಯಲ್ಲಿ ಲಿವರಿಗೆ ಹೆಪಾರ್ ಅಂತಾರೆ, ಹೆಸರು ಅಲ್ಲಿಂದ ಬಂತು.

ನಿಮಗೆ ಬೇಡ ಅನ್ನಿಸಿದರೆ ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ ಹೇಳಿ, ಸಂಕೋಚ ಬೇಡ. ಫಾಂಡಾಪಾರಿನಕ್ಸ್ ಅನ್ನುವ ಇಂಜೆಕ್ಷನ್ ಪೂರ್ತಿ ಲ್ಯಾಬಿನಲ್ಲೇ ತಯಾರಾಗುವಂಥದ್ದು. ಮಂಡಿ, ಸೊಂಟ ಬದಲಾಯಿಸಿದವರಿಗೆ ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳೂ ಇವೆ. ಕಿಡ್ನಿ ಹೇಗಿದೆ, ಬೇರೆ ಏನು ಮಾತ್ರೆ ತಗೊಳ್ಳುತ್ತೀರಿ ನೋಡಿ ಅವರು ಆರಿಸುತ್ತಾರೆ. ಹೇಳದೆ ಕೇಳದೆ ಡೋಸ್ ತಪ್ಪಿಸುವುದೊಂದು ಮಾಡಬೇಡಿ.

ಪ್ರಶ್ನೆ: ನನಗೆ 41 ವರ್ಷ. ಚಿಕ್ಕಂದಿನಲ್ಲಿ ಜ್ವರ ಬಂದು ಹೃದಯದ ವಾಲ್ವ್ ಹಾಳಾಗಿ, ಆರು ವರ್ಷದ ಹಿಂದೆ ಮೆಟಲ್ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಅಸಿಟ್ರೋಮ್ ಮಾತ್ರೆ, ತಿಂಗಳಿಗೊಂದು ರಕ್ತಪರೀಕ್ಷೆ. ಇದು ಇಲಿ ಪಾಷಾಣದ ಜಾತಿ ಅಂತ ಮೆಡಿಕಲ್ ಶಾಪಿನವರು ಹೇಳಿದಾಗಿನಿಂದ ಭಯ. ಸೊಪ್ಪು ಮುಟ್ಟಬೇಡಿ ಅಂತಾರೆ. ನಮ್ಮ ಕಡೆ ಸೊಪ್ಪಿಲ್ಲದೆ ಮುದ್ದೆ ಹೇಗೆ ಉಣ್ಣೋದು? ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಂತೆ, ಅದಕ್ಕೆ ಬದಲಾಯಿಸಲೇ?
ಒಬ್ಬ ರೈತ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಕೊನೆಯ ಪ್ರಶ್ನೆ. ಬದಲಾಯಿಸಬೇಡಿ, ಖಂಡಿತ ಬೇಡ. ಮೆಟಲ್ ವಾಲ್ವ್ ಇದ್ದವರಿಗೆ ಡಬಿಗಾಟ್ರಾನ್ ಅನ್ನುವ ಹೊಸ ಮಾತ್ರೆ ಕೊಟ್ಟು ನೋಡಿದ ಅಧ್ಯಯನವನ್ನು 2012ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ನಿಮ್ಮ ಹಾಗೆ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟು ಎದೆಬಡಿತ ಏರುಪೇರಾದವರಲ್ಲಿ, ಮೆಟಲ್ ವಾಲ್ವ್ ಹಾಕಿಸದವರಿಗೂ, ನೀವು ತಗೊಳ್ಳುವಂಥ ಹಳೆಯ ಜಾತಿಯ ಮಾತ್ರೆಯೇ ರಿವರಾಕ್ಸಬಾನ್‌ಗಿಂತ ಮೇಲು ಅಂತ 2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ತೋರಿಸಿತು. ಹೊಸದೆಲ್ಲ ನಮಗೆ ಒಳ್ಳೆಯದಲ್ಲ.

ಇಲಿ ಪಾಷಾಣದ ಮಾತು ಸುಳ್ಳಲ್ಲ, ಆದರೆ ಭಯ ಬೇಡ. ನೀವು ರೈತರು, ಈ ಕಥೆ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್, 1933ರ ಫೆಬ್ರವರಿ, ಹಿಮಗಾಳಿ ಬೀಸುತ್ತಿದೆ. ಒಬ್ಬ ರೈತ ಸತ್ತ ಕಡಸು, ಒಂದು ಕ್ಯಾನ್ ತುಂಬಾ ಹೆಪ್ಪೇ ಕಟ್ಟದ ರಕ್ತ, ದನಕ್ಕೆ ಹಾಕುತ್ತಿದ್ದ ಹುಲ್ಲು ಎಲ್ಲವನ್ನೂ ಲಾರಿಯಲ್ಲಿ ಹೇರಿಕೊಂಡು ಸುಮಾರು 300 ಕಿಲೋಮೀಟರ್ ಬಂದು ಕಾರ್ಲ್ ಪಾಲ್ ಲಿಂಕ್ ಅನ್ನುವ ವಿಜ್ಞಾನಿಯ ಬಾಗಿಲಿಗೆ ನಿಂತ. ಅವನ ದನಗಳು ಒಂದರ ಹಿಂದೆ ಒಂದು ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವು. ಆ ಮೇವು ಸ್ವೀಟ್ ಕ್ಲೋವರ್ ಅನ್ನುವ ಗಿಡದ್ದು, ಒದ್ದೆಯಾಗಿ ಬೂಸು ಹಿಡಿದಿತ್ತು. ಬಿಸಾಕಿ ಬೇರೆ ಕೊಳ್ಳಲು ಆ ಕಾಲದಲ್ಲಿ ರೈತರ ಕೈಯಲ್ಲಿ ಕಾಸಿರಲಿಲ್ಲ. ಆ ಹುಲ್ಲಿನೊಳಗಿನ ವಸ್ತು ಏನು ಅಂತ ಹಿಡಿಯಲು ಲಿಂಕ್ ತಂಡಕ್ಕೆ ಆರು ವರ್ಷ ಬೇಕಾಯಿತು. ಅದರ ದಾರಿಯಲ್ಲೇ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಇಲಿ ಕೊಲ್ಲಲು ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ನಿಮ್ಮ ಅಸಿಟ್ರೋಮ್ ಅದರ ತಮ್ಮ. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ವಾರ್ಫರಿನ್ ಕೊಟ್ಟರು. ಎಷ್ಟು ಕೊಡುತ್ತೇವೆ ಅನ್ನುವುದರ ಮೇಲೆ ಇದೆ ಎಲ್ಲ, ಅದು ಸರಿಯಾಗಿದೆಯಾ ಅಂತ ನೋಡುವುದಕ್ಕೇ ನಿಮ್ಮ ತಿಂಗಳ ಐಎನ್‌ಆರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅದು ಹೇಳುತ್ತದೆ.

ಇನ್ನು ಸೊಪ್ಪು. ಈ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆಗೆ ಅಡ್ಡ ನಿಂತು. ಹಸಿರು ಸೊಪ್ಪಿನಲ್ಲಿ ಅದೇ ವಿಟಮಿನ್ ತುಂಬಿದೆ. ಹಾಗಂತ ಸೊಪ್ಪು ಬಿಡಬೇಕಿಲ್ಲ. ವಾರದಲ್ಲಿ ಎರಡು ದಿನ ಬಸ್ಸಾರು ಉಣ್ಣುತ್ತೀರಾ, ಪ್ರತಿ ವಾರವೂ ಎರಡು ದಿನ ಉಣ್ಣಿ. ಒಂದು ತಿಂಗಳು ಸೊಪ್ಪೇ ಇಲ್ಲ, ಮಳೆ ಬಿದ್ದ ಮೇಲೆ ದಿನಾ ಸೊಪ್ಪು, ಹೀಗೆ ಮಾಡಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು, ನಾಟಿ ಔಷಧ ಸೇರಿಸುವುದು, ಇವು ಸೊಪ್ಪಿಗಿಂತ ಎಷ್ಟೋ ಅಪಾಯ. ಹಲ್ಲು ಕೀಳಿಸುವ ಮೊದಲು ಹಲ್ಲಿನ ಡಾಕ್ಟರಿಗೆ ಹೇಳಿ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ. ಮಲ ಕಪ್ಪಾದರೆ ಅವತ್ತೇ ತೋರಿಸಿ.

ಪ್ರಶ್ನೆ: ಅಮ್ಮನಿಗೆ 70. ಹುಬ್ಬಳ್ಳಿಯಿಂದ ನ್ಯೂಜೆರ್ಸಿಗೆ ನಮ್ಮ ಮನೆಗೆ ಬರುತ್ತಿದ್ದಾರೆ, ಮೊದಲ ಸಲ. ವಿಮಾನದಲ್ಲಿ ಕೂತೂ ಕೂತೂ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಅಂತ ಗೆಳೆಯರು ಹೆದರಿಸಿದ್ದಾರೆ. ಆಸ್ಪಿರಿನ್ ಕೊಡಲೇ?

ಉತ್ತರ: ಸುಮ್ಮನೆ ಆಸ್ಪಿರಿನ್ ಕೊಡಬೇಡಿ, ಈ ಕೆಲಸಕ್ಕೆ ಅದು ಅಷ್ಟು ಉಪಯೋಗವಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬೇರೆ. ವಿಮಾನ ಹತ್ತಿದ್ದಕ್ಕೆ ಹೀಗಾಗುವುದಲ್ಲ, ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಅಲ್ಲಾಡದೆ ಕೂರುವುದರಿಂದ. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ರಾತ್ರಿಯೆಲ್ಲ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದರು. ಅಂಥವರಲ್ಲಿ ಶ್ವಾಸಕೋಶದ ಹೆಪ್ಪಿನ ಸಾವು ಏರಿದ್ದನ್ನು ಕೀತ್ ಸಿಂಪ್ಸನ್ ಅನ್ನುವ ವೈದ್ಯರು ಗುರುತಿಸಿ ಬರೆದರು. ಕುರ್ಚಿಯ ಅಂಚು ತೊಡೆಯ ಹಿಂಭಾಗ ಒತ್ತುತ್ತಿತ್ತು.

ಆರೋಗ್ಯವಂತರಲ್ಲಿ ನಾಲ್ಕು ಗಂಟೆ ಮೀರಿದ ಪ್ರಯಾಣದ ಅಪಾಯ ಸುಮಾರು 6,000ದಲ್ಲಿ ಒಬ್ಬರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ಹೆದರುವಷ್ಟಿಲ್ಲ. ಅಮ್ಮನಿಗೆ ನಡುದಾರಿಯ ಪಕ್ಕದ ಸೀಟು ಮಾಡಿಸಿ. ‘ಎದ್ದರೆ ಪಕ್ಕದವರಿಗೆ ತೊಂದರೆ’ ಅಂತ ಅವರು ಎಂಟು ಗಂಟೆ ಅಲ್ಲಾಡದೆ ಕೂರುವ ಪೈಕಿ ಇರಬಹುದು, ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯದೆ. ಮೊದಲೇ ಫೋನಿನಲ್ಲಿ ಹೇಳಿ ಒಪ್ಪಿಸಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೂ ಮೀನಖಂಡ ಕೆಲಸ ಮಾಡುತ್ತದೆ. ಹಿಂದೆ ಹೆಪ್ಪಾಗಿದ್ದರೆ, ಕ್ಯಾನ್ಸರ್ ಇದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ ಬರಲಿ. ಬಿಗಿ ಕಾಲುಚೀಲವೋ ಇಂಜೆಕ್ಷನ್ನೋ ಅವರು ಹೇಳುತ್ತಾರೆ.

ಪ್ರಶ್ನೆ: ಮಗಳಿಗೆ 19. ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಮುಟ್ಟು ಮುಂದೂಡುವ ಮಾತ್ರೆ ತಂದುಕೊಟ್ಟಿದ್ದೆ, ಮೆಡಿಕಲ್ ಶಾಪಿನಲ್ಲಿ ಕೇಳಿ. ಇದರಿಂದ ಹೆಪ್ಪಾಗುತ್ತದೆ ಅಂತ ಎಲ್ಲೋ ನೋಡಿ ನಿದ್ದೆ ಬರುತ್ತಿಲ್ಲ. ಮೂರು ದಿನದಿಂದ ಎಡಗಾಲು ನೋವು ಅನ್ನುತ್ತಿದ್ದಾಳೆ. ಕುಣಿದಿದ್ದಕ್ಕೆ ಇರಬಹುದಾ?
ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಪತ್ರಿಕೆಯವರಿಂದ ನಂಬರು ತೆಗೆದುಕೊಂಡು ನಿಮಗೆ ಫೋನ್ ಮಾಡಿದ್ದೆ, ನೆನಪಿರಬಹುದು. ಕಾಲಿನ ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ, ಸ್ನಾಯುವಿನ ನೋವು ಅಷ್ಟೇ ಅಂತ ಗೊತ್ತಾಗಿ ನನಗೂ ಜೀವ ಬಂದಂತಾಯಿತು. ಬೇರೆಯವರಿಗೂ ಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮುಟ್ಟು ಮುಂದೂಡಲು ಸಾಮಾನ್ಯವಾಗಿ ಕೊಡುವುದು ನಾರೆಥಿಸ್ಟೆರೋನ್. ದಿನಕ್ಕೆ ಎರಡು ಮೂರು ಮಾತ್ರೆ ತಗೊಂಡಾಗ ಅದರಲ್ಲಿ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೋಜನ್ ಜಾತಿಯ ಹಾರ್ಮೋನಾಗಿ ಬದಲಾಗುತ್ತದೆ. ಅದು ಹೆಪ್ಪಿನ ಅಪಾಯ ಏರಿಸುತ್ತದೆ. ಆರೋಗ್ಯವಾಗಿರುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಏನೂ ಆಗಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಹೆಪ್ಪಾಗಿದ್ದರೆ, ತೂಕ ಜಾಸ್ತಿ ಇದ್ದರೆ, ಸಿಗರೇಟು ಸೇದುತ್ತಿದ್ದರೆ, ಕಣ್ಣಿಗೆ ಮಿಂಚು ಕಂಡು ಬರುವ ಮೈಗ್ರೇನ್ ತಲೆನೋವು ಇದ್ದರೆ ಲೆಕ್ಕವೇ ಬೇರೆ. ಅಂಗಡಿಯಲ್ಲಿ ಇದನ್ನೆಲ್ಲ ಕೇಳುವವರಿಲ್ಲ. ಒಂದು ಸಲ ಡಾಕ್ಟರಿಗೆ ತೋರಿಸಿ ತಗೊಳ್ಳಿ. ಮುಟ್ಟಾದರೂ ಹಬ್ಬ ಮಾಡಬಹುದು ಅಂತ ನನ್ನ ಅನಿಸಿಕೆ, ಆದರೆ ಅದು ನಿಮ್ಮ ಮನೆಯ ತೀರ್ಮಾನ.

ಒಂದೇ ಕಾಲು ಊದಿಕೊಂಡರೆ, ಮೀನಖಂಡ ಬಿಗಿಯಾಗಿ ಮುಟ್ಟಿದರೆ ನೋವಾದರೆ, ಬಿಸಿಯಾದರೆ, ಎಣ್ಣೆ ಹಚ್ಚಿ ತಿಕ್ಕಬೇಡಿ. ಅವತ್ತೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಸ್ಕ್ಯಾನ್ ಸೆಂಟರಿಗಲ್ಲ, ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ, ರಾತ್ರಿ ಎರಡು ಗಂಟೆಯಾದರೂ ಸರಿ. ಕಕ್ಕರ್ ಅವರು ಕಾಲಿನೊಳಗಿನ ಹೆಪ್ಪು ನೋಡಲು ವಿಕಿರಣದ ಅಯೋಡಿನ್ ಕೊಟ್ಟು ದಿನಗಟ್ಟಲೆ ಎಣಿಸಬೇಕಿತ್ತು. ಈಗ ಜಿಲ್ಲಾ ಕೇಂದ್ರದಲ್ಲೇ, ಒಂದು ಸೂಜಿಯೂ ಚುಚ್ಚದೆ, ಕಾಲಿಗೆ ಸ್ವಲ್ಪ ಜೆಲ್ ಹಚ್ಚಿ ಅರ್ಧ ಗಂಟೆಯೊಳಗೆ ಹೇಳಿಬಿಡುತ್ತಾರೆ.